ಧ್ರುವದ ಓಝೋನ್ ನಷ್ಟ ಮೆಲ್ಬರ್ನ್‌ಗೆ ತಲುಪುತ್ತದೆ, ತೀರ್ಥಹಳ್ಳಿಗೆ ಏಕಿಲ್ಲ?

ಪ್ರಶ್ನೆ: ನನ್ನ ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಬೇಸಿಗೆ ಬಂತೆಂದರೆ ಮೊಮ್ಮಗನನ್ನು ಟೋಪಿ ಇಲ್ಲದೆ ಶಾಲೆಯ ಅಂಗಳಕ್ಕೆ ಬಿಡುವುದೇ ಇಲ್ಲವಂತೆ. ಏಕೆ ಎಂದರೆ ಓಝೋನ್ ರಂಧ್ರ ಎನ್ನುತ್ತಾಳೆ. ರಂಧ್ರ ಇರುವುದು ಅಂಟಾರ್ಕ್ಟಿಕಾದ ಮೇಲೆ, ಮೆಲ್ಬರ್ನ್ ಇರುವುದು ಅಲ್ಲಿಂದ ಮೂರು ಸಾವಿರ ಕಿಲೋಮೀಟರ್ ಆಚೆ. ಧ್ರುವದಲ್ಲಿ ಓಝೋನ್ ನಾಶವಾದರೆ ಅಷ್ಟು ದೂರದ ಊರಿನ ಮೇಲೆ ಅದು ಏಕೆ ತೆಳುವಾಗಬೇಕು? ಹಾಗೆ ಹರಡುವುದೇ ಆದರೆ ನಮ್ಮ ಮಲೆನಾಡಿಗೂ ಬರಬೇಕಲ್ಲವೇ? ಕೆಲವು ವರ್ಷಗಳಿಂದ ತೋಟದ ಅಂಚಿನ ಅಡಿಕೆ ಮರಗಳ ಕಾಂಡ ಬಿಸಿಲಿಗೆ ಸುಟ್ಟು ಸೀಳು ಬಿಡುತ್ತಿದೆ. ಅದಕ್ಕೂ ಇದೇ ಕಾರಣವೇ? ಇದೆಲ್ಲ ಸರಿಹೋಗುವುದು ಯಾವಾಗ?
– ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು

ಉತ್ತರ: ಅಡಿಕೆ ಮರದ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ, ಅದಕ್ಕೆ ಸಾಕ್ಷಿ ನಿಮ್ಮ ತೋಟದಲ್ಲೇ ಇದೆ. ಸುಟ್ಟ ಮರಗಳನ್ನು ಒಂದು ಸುತ್ತು ಹಾಕಿ ನೋಡಿ. ಕಾಂಡ ಹಳದಿಗಟ್ಟಿ, ಕಂದಾಗಿ, ಆಮೇಲೆ ಸೀಳಿರುವುದು ಹೆಚ್ಚಾಗಿ ನೈಋತ್ಯದ ಮುಖದಲ್ಲಿ. ಮಳೆ ಹಿಂದೆ ಸರಿದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಓರೆ ಬಿಸಿಲು ಕಾಂಡದ ಆ ಮಗ್ಗುಲಿಗೆ ನೇರವಾಗಿ ಹೊಡೆಯುತ್ತದೆ. ಓಝೋನ್ ತಡೆಯುವುದು ಅತಿನೇರಳೆ ಕಿರಣಗಳನ್ನು. ನಮ್ಮಲ್ಲಿ ಅವು ಅತಿ ತೀವ್ರವಾಗಿರುವುದು ಬೇಸಿಗೆಯ ನಡುಹಗಲಿನಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಂತೂ ಶಿವಮೊಗ್ಗದಲ್ಲಿ ಸೂರ್ಯ ನಡು ನೆತ್ತಿಗೇ ಬರುತ್ತಾನೆ. ಆದರೆ ಆಗ ನೆಟ್ಟಗೆ ನಿಂತ ಕಾಂಡಕ್ಕೆ ತಗಲುವ ಬಿಸಿಲು ತೀರಾ ಕಡಿಮೆ, ತಲೆಯ ಸೋಗೆಯೇ ಅದನ್ನು ತಡೆದುಕೊಳ್ಳುತ್ತದೆ. ಚಳಿಗಾಲದ ಇಳಿಹೊತ್ತಿನ ಓರೆ ಬಿಸಿಲು ಹೆಚ್ಚು ಗಾಳಿಯನ್ನು ಹಾದು ಬರುವುದರಿಂದ ಅತಿನೇರಳೆ ಅಂಶದ ಬಹುಪಾಲು ದಾರಿಯಲ್ಲೇ ಸೋಸಿ ಹೋಗಿರುತ್ತದೆ. ಮರವನ್ನು ಸುಡುವುದು ಬರಿಯ ಕಾವು. ತೋಟದ ಪಡುವಣ ಅಂಚಿನಲ್ಲಿ ನೆರಳು ಕೊಡುತ್ತಿದ್ದ ಮರಗಳು ಇತ್ತೀಚೆಗೆ ಹೋಗಿವೆಯೇ ಎಂದು ವಿಚಾರಿಸಿಕೊಳ್ಳಿ. ಕಾಂಡಕ್ಕೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು ಹಿರಿಯರು ಮಾಡಿಕೊಂಡು ಬಂದ ಉಪಾಯ. ಅದಕ್ಕಿಂತ ಒಳ್ಳೆಯದನ್ನು ಹೇಳಲು ನನ್ನಲ್ಲಿ ಏನೂ ಇಲ್ಲ.

ಮೊಮ್ಮಗನ ಟೋಪಿಗೂ ಓಝೋನ್ ರಂಧ್ರ ಮುಖ್ಯ ಕಾರಣವಲ್ಲ. ಡಿಸೆಂಬರಿನಲ್ಲಿ ಮೆಲ್ಬರ್ನ್‌ನ ಸೂರ್ಯನೂ ನಡುಹಗಲಿಗೆ ನೆತ್ತಿಯ ಸಮೀಪ ಬರುತ್ತಾನೆ, ಗಾಳಿ ಶುಭ್ರ, ಜನವರಿಯ ಆರಂಭದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ. ಅಲ್ಲಿನ ಬಹುಪಾಲು ಜನರ ಬಿಳಿ ಚರ್ಮ ಆ ಬಿಸಿಲಿಗೆ ಹೇಳಿ ಮಾಡಿಸಿದ್ದೂ ಅಲ್ಲ. ರಂಧ್ರವೇ ಇಲ್ಲದಿದ್ದರೂ ಟೋಪಿ ಬೇಕಾಗುತ್ತಿತ್ತು. ಹಾಗೆಂದು ನಿಮ್ಮ ಮಗಳ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಧ್ರುವದ ನಷ್ಟದಲ್ಲಿ ಒಂದು ಪಾಲು ಮೆಲ್ಬರ್ನ್‌ನ ಆಕಾಶಕ್ಕೆ ಬರುತ್ತದೆ, ಬಂದದ್ದನ್ನು ಅಳೆದೂ ಆಗಿದೆ. ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಓಝೋನ್ ಹೆಚ್ಚಾಗಿ ಹುಟ್ಟುವುದು ಉಷ್ಣವಲಯದ ಮೇಲೆ, ಅಂದರೆ ನಮ್ಮಂಥವರ ತಲೆಯ ಮೇಲೆ, 25–30 ಕಿಲೋಮೀಟರ್ ಮತ್ತು ಅದಕ್ಕೂ ಹೆಚ್ಚಿನ ಎತ್ತರದಲ್ಲಿ. ಅಲ್ಲಿಂದ ಬಹಳ ನಿಧಾನವಾದ ಒಂದು ಗಾಳಿಯ ಚಲನೆ ಅದನ್ನು ಧ್ರುವಗಳ ಕಡೆಗೆ ಒಯ್ದು ಕೆಳಕ್ಕಿಳಿಸುತ್ತದೆ. ಬ್ರೂವರ್ ಮತ್ತು ಡಾಬ್ಸನ್ ಎಂಬ ಇಬ್ಬರು ವಿಜ್ಞಾನಿಗಳ ಹೆಸರನ್ನು ಈ ಚಲನೆಗೆ ಇಟ್ಟಿದ್ದಾರೆ. ಓಝೋನ್ ಅಳೆಯುವ ಮಾನಕ್ಕೂ ಡಾಬ್ಸನ್ ಹೆಸರೇ. ಒಂದು ಊರಿನ ಮೇಲಿರುವ ಅಷ್ಟೂ ಓಝೋನನ್ನು ಸೊನ್ನೆ ಡಿಗ್ರಿ ಉಷ್ಣತೆಗೆ, ಸಮುದ್ರಮಟ್ಟದ ಒತ್ತಡಕ್ಕೆ ತಂದರೆ ಮೂರು ಮಿಲಿಮೀಟರ್ ದಪ್ಪದ ಪದರವಾಗುತ್ತದೆ ಎಂದಿಟ್ಟುಕೊಳ್ಳಿ, ಅದು 300 ಡಾಬ್ಸನ್. ಜಗತ್ತಿನ ಸರಾಸರಿ ಹೆಚ್ಚುಕಡಿಮೆ ಅಷ್ಟೇ. ಹುಟ್ಟುವುದು ಉಷ್ಣವಲಯದಲ್ಲಾದರೂ ಸಂಗ್ರಹವಾಗುವುದು ದೂರದ ಅಕ್ಷಾಂಶಗಳಲ್ಲಿ. ಆದ್ದರಿಂದ ನಮ್ಮ ಮೇಲೆ ಸಹಜವಾಗಿಯೇ ಓಝೋನ್ ಕಡಿಮೆ.

ಅಂಟಾರ್ಕ್ಟಿಕಾದ ಕಥೆ ಪತ್ರಿಕೆಗಳಲ್ಲಿ ಬಂದಿರುವಷ್ಟು ನಿಮಗೆ ಗೊತ್ತಿದ್ದೀತು. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಹ್ಯಾಲಿ ಕೇಂದ್ರದ ಅಳತೆಗಳನ್ನು ಪ್ರಕಟಿಸಿದರು. ಅಕ್ಟೋಬರಿನಲ್ಲಿ ಮೊದಲು 300ರ ಆಸುಪಾಸು ಇರುತ್ತಿದ್ದ ಓಝೋನ್ 200ಕ್ಕಿಂತ ಕೆಳಗೆ ಇಳಿದಿತ್ತು. ಫ್ರಿಜ್ಜು, ಸ್ಪ್ರೇ ಡಬ್ಬಿಗಳಿಂದ ಬಂದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳ ಕ್ಲೋರಿನ್ ಇದಕ್ಕೆ ಮೂಲ. ಆದರೆ ನಿಮ್ಮ ಪ್ರಶ್ನೆಗೆ ಬೇಕಾದ ವಿವರ ಇನ್ನೊಂದು. ಎತ್ತರದ ಗಾಳಿಯಲ್ಲಿ ಈ ಕ್ಲೋರಿನ್‌ನ ಬಹುಪಾಲು ಹೈಡ್ರೋಕ್ಲೋರಿಕ್ ಆಮ್ಲವಾಗಿಯೋ ಕ್ಲೋರಿನ್ ನೈಟ್ರೇಟ್ ಆಗಿಯೋ ಬಂಧನದಲ್ಲಿರುತ್ತದೆ, ಓಝೋನ್ ತಂಟೆಗೆ ಹೋಗುವುದಿಲ್ಲ. ಧ್ರುವದ ಚಳಿಗಾಲದ ಕತ್ತಲಲ್ಲಿ ಉಷ್ಣತೆ ಮೈನಸ್ 78 ಡಿಗ್ರಿಗಿಂತ ಕೆಳಗಿಳಿದಾಗ ನೈಟ್ರಿಕ್ ಆಮ್ಲ ಮತ್ತು ನೀರು ಸೇರಿ ಮೋಡಗಳಾಗುತ್ತವೆ. ಆ ಮೋಡದ ಕಣಗಳ ಮೇಲ್ಮೈಯಲ್ಲಿ ಬಂಧನದಲ್ಲಿದ್ದ ಎರಡೂ ಸಂಯುಕ್ತಗಳು ಪರಸ್ಪರ ವರ್ತಿಸಿ ಕ್ಲೋರಿನ್ ಅನಿಲ ಹೊರಬೀಳುತ್ತದೆ. ಇದನ್ನು 1986ರಲ್ಲಿ ಮುಂದಿಟ್ಟವರಲ್ಲಿ ಸೂಸನ್ ಸಾಲೊಮನ್ ಪ್ರಮುಖರು. ಸೂರ್ಯ ಮರಳಿದೊಡನೆ ಆ ಅನಿಲ ಒಡೆದು ವಾರಗಳೊಳಗೆ ಓಝೋನ್ ನಾಶವಾಗುತ್ತದೆ. ಇಷ್ಟರಲ್ಲಿ ಇನ್ನೊಂದು ಕೆಲಸವೂ ನಡೆದಿರುತ್ತದೆ: ಮೋಡದ ಕಣಗಳು ದಪ್ಪಗಾಗಿ ಕೆಳಗೆ ಬಿದ್ದು ನೈಟ್ರಿಕ್ ಆಮ್ಲವನ್ನೂ ಜೊತೆಗೆ ಒಯ್ದಿರುತ್ತವೆ. ಕ್ಲೋರಿನ್ನನ್ನು ಮತ್ತೆ ಬಂಧಿಸಬೇಕಾದ ಸಾರಜನಕದ ಸಂಯುಕ್ತಗಳು ಹುಟ್ಟುವುದು ಆ ಆಮ್ಲದಿಂದಲೇ. ಹೀಗಾಗಿ ಧ್ರುವದ ಗಾಳಿ ಹೊರಗೆ ಹೊರಟರೆ ಮೂರು ಬಗೆಯಲ್ಲಿ ಕೆಟ್ಟ ಗಾಳಿ: ಓಝೋನ್ ಇಲ್ಲ, ಬಿಡುಗಡೆಯಾದ ಕ್ಲೋರಿನ್ ಇದೆ, ಅದನ್ನು ಕಟ್ಟಿಹಾಕುವ ಸಾರಜನಕ ಕಡಿಮೆ.

ಇನ್ನು ಆ ಗಾಳಿ ಹೊರಡುತ್ತದೆಯೇ ಎಂಬುದು.

ಮಳೆಗಾಲದಲ್ಲಿ ತುಂಗೆ ತುಂಬಿದಾಗ ಬಂಡೆಗಳ ಹಿಂದೆ ಏಳುವ ದೊಡ್ಡ ಸುಳಿಗಳನ್ನು ನೀವು ನೋಡಿಯೇ ಇರುತ್ತೀರಿ. ಒಳಗೆ ಸಿಕ್ಕ ಸೊಪ್ಪುಸದೆ ಅಲ್ಲೇ ಗಿರಗಿರನೆ ತಿರುಗುತ್ತಿರುತ್ತದೆ. ಪಕ್ಕದಲ್ಲೇ ಕೆಂಪು ನೀರು ರಭಸದಿಂದ ಹಾದುಹೋದರೂ ಸುಲಭಕ್ಕೆ ಒಳಗೆ ಬೆರೆಯುವುದಿಲ್ಲ. ಅಂಚಿನಲ್ಲಿ ಮಾತ್ರ ಆಗಾಗ ಒಂದು ಎಳೆ ಕಿತ್ತುಕೊಂಡು ಪ್ರವಾಹದ ಪಾಲಾಗುತ್ತದೆ. ಚಳಿಗಾಲದ ಅಂಟಾರ್ಕ್ಟಿಕಾದ ಮೇಲೆ ಸಮೋಷ್ಣ ಮಂಡಲದಲ್ಲಿ, ಅಂದರೆ ಸ್ಟ್ರಾಟೋಸ್ಫಿಯರ್‌ನಲ್ಲಿ, ಇಂಥದೇ ಸುಳಿ ಏಳುತ್ತದೆ. ಅದರ ಅಗಲ ಒಂದು ಖಂಡದಷ್ಟು, ಅಂಚಿನ ಗಾಳಿಯ ವೇಗ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಓಝೋನ್ ನಾಶವಾಗುವುದು ಈ ಸುಳಿಯ ಒಳಗೆ.

ಆ ಅಂಚು ಎಷ್ಟು ಭದ್ರ ಎಂಬುದರ ಮೇಲೆ 1980ರ ದಶಕದ ಕೊನೆಯಿಂದ ಹಲವು ವರ್ಷ ವಿಜ್ಞಾನಿಗಳ ನಡುವೆ ಜೋರು ಜಗಳವೇ ನಡೆಯಿತು. ಸುಳಿ ಮುಚ್ಚಿದ ಪಾತ್ರೆ, ಒಳಗಿನದು ಒಳಗೇ ಉಳಿಯುತ್ತದೆ ಎಂದು ಒಂದು ಪಕ್ಷ. ಅಲ್ಲ, ಗಾಳಿ ಅದರ ಮೂಲಕ ಹರಿದುಹೋಗುತ್ತಲೇ ಇರುತ್ತದೆ, ಒಳಗೆ ಬಂದು ಕೆಟ್ಟು ಹೊರಗೆ ಹೋಗುತ್ತದೆ ಎಂದು ಇನ್ನೊಂದು ಪಕ್ಷ. ಹೊರಗಿನವರಿಗೆ ಇದು ಪಂಡಿತರ ಹಟ ಎನ್ನಿಸಬಹುದು, ಆದರೆ ನಿಮ್ಮ ಪ್ರಶ್ನೆಯ ಉತ್ತರ ಪೂರ್ತಿ ಇದರ ಮೇಲೇ ನಿಂತಿತ್ತು. ಎರಡನೆಯವರು ಸರಿ ಎಂದಾದರೆ ಮಧ್ಯ ಅಕ್ಷಾಂಶಗಳ, ಅಂದರೆ ಸುಮಾರು 30ರಿಂದ 60 ಡಿಗ್ರಿಗಳ ನಡುವಿನ ನಾಡುಗಳ, ಓಝೋನ್ ನಷ್ಟವೆಲ್ಲ ಬಹುಮಟ್ಟಿಗೆ ಧ್ರುವದ ಲೆಕ್ಕಕ್ಕೇ ಹೋಗಬೇಕು.

1987ರಲ್ಲಿ ಚಿಲಿಯ ಪುಂಟಾ ಅರೇನಾಸ್‌ನಿಂದ ಅಮೆರಿಕದ ಸಂಶೋಧನಾ ವಿಮಾನಗಳು ಸುಳಿಯೊಳಕ್ಕೆ ಹಾರಿದವು. 18 ಕಿಲೋಮೀಟರ್ ಎತ್ತರದಲ್ಲಿ ವಿಮಾನ ಅಂಚನ್ನು ದಾಟಿದೊಡನೆ ಕ್ಲೋರಿನ್ ಮಾನಾಕ್ಸೈಡ್, ಅಂದರೆ ಬಿಡುಗಡೆಯಾದ ಕ್ಲೋರಿನ್ ಓಝೋನ್ ತಿನ್ನುವಾಗ ತಾಳುವ ರೂಪ, ನೂರಾರು ಪಟ್ಟು ಏರಿತು, ಓಝೋನ್ ಕುಸಿಯಿತು. ಜೇಮ್ಸ್ ಆಂಡರ್ಸನ್ ಅವರ ಉಪಕರಣ ಬರೆದ ಆ ಎರಡು ಗೆರೆಗಳು, ಒಂದು ಏರಿದಲ್ಲಿ ಇನ್ನೊಂದು ಇಳಿಯುವುದು, ಅಪರಾಧಿ ಯಾರು ಎಂಬ ಚರ್ಚೆಯನ್ನು ಮುಗಿಸಿದವು. ಅವುಗಳಲ್ಲಿ ಪ್ರಸಿದ್ಧವಾದ ಹಾರಾಟ ನಡೆದದ್ದು ಸೆಪ್ಟೆಂಬರ್ 16ರಂದು. ಕ್ಲೋರೋಫ್ಲೋರೋಕಾರ್ಬನ್ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ದಿನ, ಕಾಕತಾಳೀಯವಾಗಿ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಬದಲಾವಣೆ ಎಷ್ಟು ಕಡಿದಾಗಿತ್ತು ಎಂಬುದು. ಒಳಗಿನ ಗಾಳಿ ಧಾರಾಳವಾಗಿ ಹೊರಗೆ ಬೆರೆಯುತ್ತಿದ್ದರೆ ಅಂಚು ಅಷ್ಟು ಚೂಪಾಗಿ ಉಳಿಯುತ್ತಿರಲಿಲ್ಲ. ಮುಂದೆ ಬಂದ ಅಳತೆಗಳನ್ನೂ ಲೆಕ್ಕಾಚಾರಗಳನ್ನೂ ಸೇರಿಸಿ ನೋಡಿದರೆ ನನ್ನ ತೀರ್ಮಾನ ಇದು: 16 ಕಿಲೋಮೀಟರಿಗಿಂತ ಮೇಲೆ ಪಾತ್ರೆಯ ಪಕ್ಷದವರು ಗೆದ್ದರು, ಅದರ ಕೆಳಗೆ ಸುಳಿ ಸಡಿಲ, ಅಲ್ಲಿ ಸೋರಿಕೆ ನಿಜ.

ಮೇಲೆಯೂ ಪೂರ್ತಿ ಭದ್ರವೇನಲ್ಲ. ಪರ್ವತಗಳು, ನೆಲ ಮತ್ತು ಕಡಲಿನ ಉಷ್ಣತೆಯ ವ್ಯತ್ಯಾಸ ಎಬ್ಬಿಸುವ ಸಾವಿರಾರು ಕಿಲೋಮೀಟರ್ ಉದ್ದದ ಅಲೆಗಳು ಮೇಲಕ್ಕೆ ಸಾಗಿ ಸುಳಿಯ ಹೊರಮೈಗೆ ಬಡಿದು ಒಡೆಯುತ್ತವೆ. ಮೆಕಿಂಟೈರ್ ಮತ್ತು ಪಾಮರ್ ಇದನ್ನು 1983ರಲ್ಲೇ ಉಪಗ್ರಹದ ಮಾಹಿತಿಯಿಂದ ತೋರಿಸಿದ್ದರು. ಅಲೆ ಒಡೆದಾಗ ಅಂಚಿನಿಂದ ನಾಲಗೆಯಂಥ ತುಣುಕು ಕಿತ್ತು ಬರುತ್ತದೆ. ಮಧ್ಯ ಅಕ್ಷಾಂಶದ ಗಾಳಿ ಅದನ್ನು ಎಳೆದು ಎಳೆದು ಸಾವಿರಾರು ಕಿಲೋಮೀಟರ್ ಉದ್ದದ, ಒಂದೆರಡು ಕಿಲೋಮೀಟರ್ ಮಾತ್ರ ದಪ್ಪದ ಪಟ್ಟಿ ಮಾಡುತ್ತದೆ.

ಇಂಥ ಪಟ್ಟಿ ಕಣ್ಣಿಗೆ ಕಾಣದು, ಬಲೂನಿಗೆ ಸಿಗುತ್ತದೆ. ಓಝೋನ್ ಅಳೆಯುವ ಬಲೂನಿನ ಕೆಳಗೆ ತೂಗುವುದು ಒಂದು ಥರ್ಮೋಕೋಲ್ ಪೆಟ್ಟಿಗೆ. ಒಳಗೆ ಪುಟ್ಟ ಪಂಪು, ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ತುಂಬಿದ ಕೋಶ, ಪ್ಲಾಟಿನಂ ತಂತಿ. ಪಂಪು ಹೊರಗಿನ ಗಾಳಿಯನ್ನು ದ್ರಾವಣದೊಳಗೆ ಗುಳುಗುಳು ಊದುತ್ತದೆ. ಗಾಳಿಯ ಓಝೋನ್ ಅಯೊಡಿನ್ನನ್ನು ಬಿಡಿಸುತ್ತದೆ, ಅದರಿಂದ ಹರಿಯುವ ಅತ್ಯಲ್ಪ ವಿದ್ಯುತ್ತೇ ಓಝೋನ್‌ನ ಅಳತೆ. ಬಲೂನು 30 ಕಿಲೋಮೀಟರ್ ದಾಟಿ ಒಡೆಯುವವರೆಗೂ ಅದು ರೇಡಿಯೋ ಮೂಲಕ ಕೆಳಗೆ ಬರುತ್ತಿರುತ್ತದೆ. ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ಕೇಂದ್ರದಿಂದಲೂ ಭಾರತೀಯ ಹವಾಮಾನ ಇಲಾಖೆಯವರು ಇಂಥ ಬಲೂನುಗಳನ್ನು ಹಾರಿಸಿದ್ದಾರೆ. ಅಕ್ಟೋಬರಿನ ಅಂಟಾರ್ಕ್ಟಿಕಾದಲ್ಲಿ 14ರಿಂದ 20 ಕಿಲೋಮೀಟರಿನ ನಡುವೆ ಗೆರೆ ಸೊನ್ನೆಯ ಸಮೀಪಕ್ಕೆ ಬಿದ್ದುಬಿಡುತ್ತದೆ. ಮಧ್ಯ ಅಕ್ಷಾಂಶದ ಊರಿನಲ್ಲಿ ಗೆರೆ ಸರಾಗವಾಗಿ ಏರುತ್ತ ಹೋಗುವಾಗ ನಡುವೆ ಎಲ್ಲೋ ಒಂದು ಕಚ್ಚು ಕಾಣುತ್ತದೆ: ಒಂದು ಕಿಲೋಮೀಟರ್ ದಪ್ಪದಲ್ಲಿ ಓಝೋನ್ ಕಡಿಮೆ, ಮೇಲೆ ಕೆಳಗೆ ಎಂದಿನಂತೆ. ಧ್ರುವದ ಕಡೆಯಿಂದ ಬಂದ ಗಾಳಿ ಹೀಗೆ ಸಿಕ್ಕಿಬೀಳುತ್ತದೆ. ಅದರೊಳಗಿನ ಬಿಡುಗಡೆಯಾದ ಕ್ಲೋರಿನ್ ಮತ್ತೆ ಬಂಧನಕ್ಕೆ ಒಳಗಾಗುವವರೆಗೆ, ಕೆಲವು ವಾರ, ದಾರಿಯಲ್ಲೂ ಓಝೋನ್ ತಿನ್ನುತ್ತಿರುತ್ತದೆ.

ಆದರೂ ಎಳೆಗಳಿಂದ ಆಗುವ ನಷ್ಟ ಚಿಲ್ಲರೆ ಲೆಕ್ಕ. ದೊಡ್ಡ ಮೊತ್ತ ಬರುವುದು ನವೆಂಬರ್–ಡಿಸೆಂಬರಿನಲ್ಲಿ ಸುಳಿಯೇ ಒಡೆದಾಗ. ಬಿಸಿಲೇರಿ ಸುಳಿ ದುರ್ಬಲವಾಗುತ್ತದೆ, ತುಂಡಾಗುತ್ತದೆ, ಅಷ್ಟು ತಿಂಗಳು ಒಳಗಿದ್ದ ಗಾಳಿ ಉತ್ತರಕ್ಕೆ ಚೆಲ್ಲುತ್ತದೆ. 1987ರ ಡಿಸೆಂಬರಿನಲ್ಲಿ ದಕ್ಷಿಣ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಮೇಲೆ ಓಝೋನ್ ದಾಖಲೆಯ ಮಟ್ಟಕ್ಕೆ ಇಳಿಯಿತು. ಆ ವರ್ಷದ ರಂಧ್ರದ ಗಾಳಿಯೇ ಅಲ್ಲಿಗೆ ಬಂದಿತ್ತು ಎಂದು 1989ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಂದ ಗಾಳಿ ಬೆರೆತು ತೆಳುವಾಗುತ್ತದೆ ನಿಜ, ಆದರೆ ಕೆಳ ಸಮೋಷ್ಣ ಮಂಡಲದಲ್ಲಿ ಓಝೋನ್ ಹೊಸದಾಗಿ ಹುಟ್ಟುವ ವೇಗ ತೀರಾ ಕಡಿಮೆಯಾದ್ದರಿಂದ ವಸಂತದಲ್ಲಿ ಆದ ಕೊರತೆ ಬೇಸಿಗೆಯ ಕೊನೆಯವರೆಗೂ ಉಳಿಯುತ್ತದೆ. 2020ರಿಂದ 2022ರವರೆಗಿನ ಮೂರೂ ವರ್ಷ ರಂಧ್ರ ಡಿಸೆಂಬರಿನವರೆಗೂ ಎಳೆಯಿತು. ತಡವಾಗಿ ಒಡೆದಷ್ಟೂ ಕೊರತೆಯ ಗಾಳಿ ಸೂರ್ಯ ಮೇಲೇರಿದ ದಿನಗಳಿಗೆ ಬಂದು ಸೇರುತ್ತದೆ. ನಿಮ್ಮ ಮಗಳು ಗಮನಿಸಬೇಕಾದದ್ದು ರಂಧ್ರದ ಗಾತ್ರವನ್ನಲ್ಲ, ಆ ದಿನದ ಅತಿನೇರಳೆ ಸೂಚ್ಯಂಕವನ್ನು. ಅದರಲ್ಲಿ ಇದೆಲ್ಲ ಸೇರಿಯೇ ಇರುತ್ತದೆ.

ಮಧ್ಯ ಅಕ್ಷಾಂಶಗಳ ನಷ್ಟವನ್ನೆಲ್ಲ ಧ್ರುವದ ತಲೆಗೆ ಕಟ್ಟುವುದೂ ತಪ್ಪು. ಪಠ್ಯಗಳು ಇಲ್ಲಿ ಅವಸರ ಮಾಡುತ್ತವೆ. 40 ಕಿಲೋಮೀಟರ್ ಎತ್ತರದಲ್ಲಿ ಕ್ಲೋರಿನ್ ಯಾವ ಮೋಡದ ಹಂಗೂ ಇಲ್ಲದೆ ಓಝೋನ್ ಕೆಡಿಸುತ್ತದೆ. ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದ್ದು ಈ ಬಗೆಯ ನಷ್ಟದ ಬಗ್ಗೆ. ಕೆಳಗೆ, ಎಲ್ಲ ಅಕ್ಷಾಂಶಗಳಲ್ಲೂ ಇರುವ ಗಂಧಕಾಮ್ಲದ ಸೂಕ್ಷ್ಮ ಕಣಗಳು ಧ್ರುವದ ಮೋಡಗಳ ಕೆಲಸವನ್ನು ಅಲ್ಪಸ್ವಲ್ಪ ಮಾಡುತ್ತವೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ ಜ್ವಾಲಾಮುಖಿ ಸಿಡಿದು ಇಂಥ ಕಣಗಳು ವಿಪರೀತ ಹೆಚ್ಚಾದಾಗ, 1992–93ರಲ್ಲಿ ಉತ್ತರದ ಮಧ್ಯ ಅಕ್ಷಾಂಶಗಳಲ್ಲಿ ಓಝೋನ್ ಕುಸಿಯಿತು. ಅದರಲ್ಲಿ ಅಂಟಾರ್ಕ್ಟಿಕಾದ ಕೈವಾಡ ಇರಲಿಲ್ಲ. ಎಲ್ಲ ಸೇರಿ 1990ರ ದಶಕದ ಕೊನೆಯಿಂದ 2000ದ ದಶಕದವರೆಗಿನ ಸರಾಸರಿ ತೆಗೆದರೆ, 1980ಕ್ಕಿಂತ ಹಿಂದಿನದಕ್ಕೆ ಹೋಲಿಸಿ, ದಕ್ಷಿಣದ ಮಧ್ಯ ಅಕ್ಷಾಂಶಗಳಲ್ಲಿ ಸುಮಾರು ಶೇ 6ರಷ್ಟು, ಉತ್ತರದಲ್ಲಿ ಸುಮಾರು ಶೇ 3.5ರಷ್ಟು ಕೊರತೆ. ಚರ್ಮ ಸುಡುವ ಕಿರಣಗಳು ಓಝೋನ್ ಇಳಿದ ಪ್ರಮಾಣಕ್ಕಿಂತ ತುಸು ಹೆಚ್ಚೇ ಏರುತ್ತವೆ, ಅಂದರೆ ದಕ್ಷಿಣದಲ್ಲಿ ಶೇ 7ರ ಆಸುಪಾಸು. ಎರಡು ಗೋಲಾರ್ಧಗಳ ನಡುವಿನ ಈ ಅಂತರದಲ್ಲಿ ಒಡೆದ ಸುಳಿಯ ಪಾಲು ದೊಡ್ಡದು.

ಉತ್ತರ ಧ್ರುವದ ಸುಳಿ ಬೇರೆಯೇ ಸ್ವಭಾವದ್ದು. ಆ ಗೋಲಾರ್ಧದಲ್ಲಿ ಹಿಮಾಲಯ, ರಾಕಿ ಪರ್ವತಗಳಿವೆ, ನೆಲ ಹೆಚ್ಚು. ಅಲೆಗಳು ಬಲವಾಗಿರುವುದರಿಂದ ಸುಳಿ ಓಲಾಡುತ್ತದೆ, ಎಷ್ಟೋ ವರ್ಷ ನಡುಚಳಿಗಾಲದಲ್ಲೇ ಒಡೆದುಹೋಗುತ್ತದೆ. ಅಷ್ಟು ಚಳಿಯೂ ಹಿಡಿಯುವುದಿಲ್ಲ, ಅಷ್ಟು ನಷ್ಟವೂ ಆಗುವುದಿಲ್ಲ. 2011ರಲ್ಲಿ, ಮತ್ತೆ 2020ರ ವಸಂತದಲ್ಲಿ ಸುಳಿ ಗಟ್ಟಿಯಾಗಿ ನಿಂತು ಭಾರೀ ನಷ್ಟವಾದದ್ದು ಅಪರೂಪದ ಸಂಗತಿ.

ನಮ್ಮ ಮಲೆನಾಡಿನ ಮಾತು. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರದಲ್ಲಿ, ಮಧ್ಯ ಅಕ್ಷಾಂಶದ ಲೆಕ್ಕಕ್ಕೇ ಬರುವುದಿಲ್ಲ. ಅಂಟಾರ್ಕ್ಟಿಕಾದ ಗಾಳಿ ಬೆರೆಯುವ ವಲಯಕ್ಕೆ ಸಮಭಾಜಕದ ಕಡೆಗೆ ಇನ್ನೊಂದು ಎಲ್ಲೆ ಇದೆ, ಸುಮಾರು 20ರಿಂದ 30 ಡಿಗ್ರಿಗಳ ನಡುವೆ. ಅಲೆಗಳು ಅಲ್ಲಿಗೆ ಬರುವಷ್ಟರಲ್ಲಿ ಒಡೆದು ಸೋತಿರುತ್ತವೆ. ಅದರ ಈಚೆಗೆ, ಉಷ್ಣವಲಯದಲ್ಲಿ, ಗಾಳಿ ಕೆಳಗಿನಿಂದ ಮೇಲಕ್ಕೆ ಏರಿ ಧ್ರುವದತ್ತ ಹೊರಡುತ್ತಿರುತ್ತದೆ. ಅಂದರೆ ಧ್ರುವದ ಗಾಳಿ ನಮ್ಮ ಕಡೆ ಬರಬೇಕಾದರೆ ಹರಿವಿಗೆ ಎದುರಾಗಿ ಬರಬೇಕು, ಅದೂ ದಕ್ಷಿಣ ಗೋಲಾರ್ಧವನ್ನು ದಾಟಿ. ಉಷ್ಣವಲಯದಲ್ಲಿ ಒಟ್ಟು ಓಝೋನ್ ದಶಕಗಳಿಂದ ಹೆಚ್ಚೇನೂ ಬದಲಾಗದಿರುವುದಕ್ಕೆ ಇದೇ ಮುಖ್ಯ ಕಾರಣ.

ಹಾಗಾದರೆ ನಾವು ಕ್ಷೇಮ ಎಂದು ಹೇಳಲಾರೆ. ನಮ್ಮ ಮೇಲಿನ ಓಝೋನ್ ಎಂದಿನಿಂದಲೂ 260–270 ಡಾಬ್ಸನ್‌ನ ಸುತ್ತಮುತ್ತ. ಧ್ರುವದ ಪಾಲು ಕಳೆದುಕೊಂಡ ಮೇಲೂ ಮೆಲ್ಬರ್ನ್‌ನ ಮೇಲೆ ಸಾಮಾನ್ಯವಾಗಿ ನಮಗಿಂತ ಹೆಚ್ಚೇ ಇರುತ್ತದೆ! ಸೂರ್ಯನೋ ವರ್ಷಕ್ಕೆ ಎರಡು ಸಲ ನಮ್ಮ ನಡು ನೆತ್ತಿಯನ್ನು ಹಾಯುತ್ತಾನೆ. ಆಗಸ್ಟ್ ಮಧ್ಯದ್ದನ್ನು ಮಳೆಯ ಮೋಡ ಬಹುಮಟ್ಟಿಗೆ ನುಂಗಿಬಿಡುತ್ತದೆ, ಏಪ್ರಿಲಿನದ್ದಕ್ಕೆ ಆ ರಕ್ಷೆ ಇಲ್ಲ. ಬೇಸಿಗೆಯ ನಡುಹಗಲಲ್ಲಿ ಅಂಗಳದಲ್ಲಿ ಅಡಿಕೆ ಹರವುವವರಿಗೆ ಬೀಳುವ ಅತಿನೇರಳೆ ಕಿರಣ ಮೆಲ್ಬರ್ನ್‌ನ ಶಾಲೆಯ ಅಂಗಳದ್ದಕ್ಕಿಂತ ಕಡಿಮೆಯೇನಲ್ಲ. ಕಂದು ಚರ್ಮ ಸುಡುವುದು ನಿಧಾನ, ಕಣ್ಣಿಗೆ ಆ ರಿಯಾಯಿತಿ ಇಲ್ಲ. ಹಾಳೆಯ ಟೋಪಿ ಇಲ್ಲೂ ಬೇಕು.

ಯಾವಾಗ ಸರಿಹೋಗುತ್ತದೆ? 1987ರ ಒಪ್ಪಂದದಿಂದ ಈ ಅನಿಲಗಳ ತಯಾರಿಕೆ ಬಹುಮಟ್ಟಿಗೆ ನಿಂತಿದೆ. ಭಾರತ 1992ರಲ್ಲಿ ಸೇರಿತು. ಆದರೆ ಹಳೆಯ ಅನಿಲಗಳು 50ರಿಂದ 100 ವರ್ಷ ಗಾಳಿಯಲ್ಲಿ ಉಳಿಯುವಂಥವು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಓಝೋನ್ 1980ರ ಮಟ್ಟಕ್ಕೆ ಮರಳುವುದು ಅಂಟಾರ್ಕ್ಟಿಕಾದಲ್ಲಿ 2066ರ ಸುಮಾರಿಗೆ, ಉತ್ತರ ಧ್ರುವದಲ್ಲಿ 2045ಕ್ಕೆ, ಉಳಿದ ಕಡೆ 2040ಕ್ಕೆ. 40 ಕಿಲೋಮೀಟರಿನ ಎತ್ತರದಲ್ಲಿ ಚೇತರಿಕೆ ಸ್ಪಷ್ಟವಾಗಿ ಕಾಣುತ್ತಿದೆ. ನನಗೆ ಅಷ್ಟು ನೆಮ್ಮದಿ ಇಲ್ಲದಿರುವುದು ಮಧ್ಯ ಅಕ್ಷಾಂಶಗಳ ಕೆಳ ಸಮೋಷ್ಣ ಮಂಡಲದ ಬಗ್ಗೆ. ಅಲ್ಲಿ ಓಝೋನ್ ಏರುವ ಬದಲು ಇಳಿಯುತ್ತಲೇ ಇದೆ ಎಂದು 2018ರ ಅಧ್ಯಯನವೊಂದು ಹೇಳಿತು, ವಾದ ಇನ್ನೂ ನಡೆದಿದೆ. ಹವಾಮಾನ ಬದಲಾವಣೆಯಿಂದ ಗಾಳಿಯ ಚಲನೆಯೇ ಬದಲಾಗುತ್ತಿರುವುದು ಒಂದು ಶಂಕೆ. ಇದರ ಜೊತೆಗೆ 2019–20ರ ಆಸ್ಟ್ರೇಲಿಯಾದ ಕಾಡ್ಗಿಚ್ಚಿನ ಹೊಗೆ ಸಮೋಷ್ಣ ಮಂಡಲಕ್ಕೇ ಏರಿತು. ಹೊಗೆಯ ಕಣಗಳ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಸುಲಭವಾಗಿ ಕರಗುವುದರಿಂದ, ಧ್ರುವದ ಚಳಿ ಇಲ್ಲದಿದ್ದರೂ ಕ್ಲೋರಿನ್‌ಗೆ ಬಿಡುಗಡೆ ಸಿಕ್ಕಿತು. 2020ರಲ್ಲಿ ದಕ್ಷಿಣದ ಮಧ್ಯ ಅಕ್ಷಾಂಶಗಳ ಮೇಲಿನ ಓಝೋನ್ ಇದರಿಂದ ಶೇ 3ರಿಂದ 5ರಷ್ಟು ಇಳಿದಿರಬೇಕೆಂದು ಸಾಲೊಮನ್ ಮತ್ತು ಸಂಗಡಿಗರು 2023ರಲ್ಲಿ ಲೆಕ್ಕ ಹಾಕಿದ್ದಾರೆ. ಹಳೆಯ ಕ್ಲೋರಿನ್ ಮೇಲೆ ಉಳಿದಿರುವವರೆಗೆ, ಮೆಲ್ಬರ್ನ್‌ನ ಆಕಾಶಕ್ಕೆ ಅಂಟಾರ್ಕ್ಟಿಕಾದ ಸುಳಿಯ ಜೊತೆಗೆ ಅಲ್ಲಿನ ಕಾಡಿನ ಬೆಂಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.